ತಳದ ಸೀಕು

ಕಿಟ್ಗುಮ್ ದಾಟಿ ಮೂರು ಗಂಟೆ, ಮಣ್ಣುದಾರಿ.
ಕೈಪಂಪು ರಿಪೇರಿಗೆಂದು ಬಂದವನು ನಾನು,
ಜೊತೆಗೆ ಒಂದು ಕುಕ್ಕರು, ಹತ್ತು ಕಿಲೋ ಸೋನಾಮಸೂರಿ,
ಹುಳಿಪುಡಿಯ ಮೂರು ಡಬ್ಬಿ.
ಅಕ್ಕಿ ಮುಗಿದದ್ದು ಇಪ್ಪತ್ತಾರನೆಯ ದಿನ.
ಕುಕ್ಕರಿನ ರಬ್ಬರನ್ನು ಅದಕ್ಕೂ ಮೊದಲೇ ಇಲಿ ತಿಂದಿತ್ತು.

ಪಕ್ಕದ ಗುಡಿಸಲ ಅಚಿರೊ ಏನನ್ನೂ ಕೇಳಲಿಲ್ಲ.
ಮಗ ಓಚಾಯನನ್ನು ಕಳಿಸಿದಳು. ಅವನು
ನೀರಿನ ಚೊಂಬು ಬಾಗಿಸಿ ಹಿಡಿದು
ನನ್ನ ಕೈಗಾಗಿ ಕಾದು ನಿಂತ.
ಅದೇ ಕರೆಯೋಲೆ.

ಚಾಪೆಯ ನಡುವೆ ಸೋರೆಬುರುಡೆಯ ಅರ್ಧ ಹೋಳು.
ಅದರೊಳಗೆ, ಹಬೆಯಾಡುತ್ತ,
ಕಂದುಗೆಂಪಿನ, ನುಣ್ಣನೆಯ
"ಕ್ವೊನ್" ಅಂದಳು ಅವಳು.
"ಮುದ್ದೆ" ಅಂದೆ ನಾನು.
ಎರಡು ಸಲ ಅಂದೆ, ಗುರುತಿನವರು ಸಂತೆಯಲ್ಲಿ ಸಿಕ್ಕ ಹಾಗೆ.

ಬದಿಯಲ್ಲಿ ಸಾರಲ್ಲದ ಸಾರು: ಪುಂಡಿಯಂಥ ಹುಳಿಸೊಪ್ಪು,
ಎಳ್ಳು, ಶೇಂಗಾ ಅರೆದು ಕಲಸಿದ್ದು.
ಉಪ್ಪು ಕಡಿಮೆ. ಮೆಣಸಿನಕಾಯಿ ಇಲ್ಲವೇ ಇಲ್ಲ.
ನಾಲಗೆ ಮೊದಲ ವಾರ ಖಾರ ಹುಡುಕಿ ಹುಡುಕಿ
ಆಮೇಲೆ ಸೊಪ್ಪಿನ ಮಾತಿಗೆ ಕಿವಿಗೊಟ್ಟಿತು.

ಅವರು ಚಿವುಟಿ, ಹೆಬ್ಬೆರಳಿಂದ ಗುಳಿ ಒತ್ತಿ,
ಹಿಟ್ಟನ್ನೇ ಚಮಚ ಮಾಡಿ ಮೊಗೆಯುತ್ತಾರೆ.
ನಾನೋ, ಉಂಡೆ ಕಟ್ಟಿ, ಅದ್ದಿ, ಗುಳುಂ.
ಮಕ್ಕಳು ತಿನ್ನುವುದ ಬಿಟ್ಟು ನನ್ನ ಗಂಟಲು ನೋಡಿದವು.
ಇನ್ನೊಂದು ಅಂದವು. ನುಂಗಿದೆ. ಎಣಿಸಿದವು.
ಹೆಬ್ಬಾವು ಎಂದು ಹೆಸರಿಟ್ಟವು, ಅದೇ ಉಳಿಯಿತು;
ಪಂಪಿನ ರಿಜಿಸ್ಟರಿನಲ್ಲೂ ಯಾರೋ ಹಾಗೇ ಬರೆದಿದ್ದಾರೆ.

ಅಚಿರೊಗೆ ಹೇಳದ ಮಾತೊಂದಿದೆ:
ನುಂಗುವುದ ಕಲಿತದ್ದು ನಮ್ಮ ಮನೆಯಲ್ಲಲ್ಲ.
ನಮ್ಮಲ್ಲಿ ಅನ್ನ. ರಾಗಿ, ಹಿತ್ತಲ ಬಾಗಿಲಿನಾಚೆಯವರ ಊಟ.
ಆಚೆಯ ಸಣ್ಣೀರಮ್ಮ ಒಂದು ಸಂಜೆ, ಮೊದಲ ಮಳೆ ಬಿದ್ದ ಮೇಲೆ,
ಈಸಲು ಹುರಿದು ಮುದ್ದೆಯೊಡನೆ ಕೊಟ್ಟಳು. ತಿಂದೆ.
ಆರು ವರ್ಷ ನನಗೆ.
ಅಪ್ಪ ಬಚ್ಚಲಲ್ಲಿ ನಿಲ್ಲಿಸಿ ಬಾಯಿ ತೊಳೆಸಿದ,
ಬೇವಿನ ಕಡ್ಡಿ, ಉಪ್ಪು, ನೀರು, ಮತ್ತೆ ಉಪ್ಪು, ಮತ್ತೆ.
ಸಣ್ಣೀರಮ್ಮ ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.
ಯಾಕೆಂದು ಕೇಳಲಿಲ್ಲ ನಾನು.
ಈಗ ಕೇಳೋಣವೆಂದರೆ ಯಾರೂ ಇಲ್ಲ.

ಏಪ್ರಿಲ್ಲಿನ ಒಂದು ರಾತ್ರಿ ಇಲ್ಲಿಯ ಹುತ್ತ ಬಾಯಿ ತೆರೆಯಿತು.
ಓಚಾಯ ಗುಂಡಿ ತೋಡಿ, ಹುಲ್ಲಿನ ದೊಂದಿ ಹಚ್ಚಿ ಕೂತ.
ರೆಕ್ಕೆಗಳೋ ರೆಕ್ಕೆಗಳು.
ಬೆಳಿಗ್ಗೆ ಅಚಿರೊ ಮೊರದಲ್ಲಿ ಕೇರಿದಳು,
ರೆಕ್ಕೆ ಗಾಳಿಗೆ, ಮೈ ಬಾಣಲೆಗೆ,
ಬಡಿಸುತ್ತ ನನ್ನ ತಟ್ಟೆ ದಾಟಿ ಮುಂದೆ ಹೋದಳು:
"ಹೆಬ್ಬಾವು ಇದನ್ನು ತಿನ್ನದು, ಗೊತ್ತು ನನಗೆ.
ಹಿಂದೆ ಇದ್ದ ಬಿಳಿ ಡಾಕ್ಟರೂ ತಿನ್ನುತ್ತಿರಲಿಲ್ಲ."
ಕೈ ಚಾಚಿದೆ.
ಬೇಡುವುದಕ್ಕೆ ಆ ಭಾಷೆಯಲ್ಲಿ ಪದ ಗೊತ್ತಿರಲಿಲ್ಲ,
ಚಾಚಿಯೇ ಇದ್ದೆ.

ಕಾಯಿಸಿದ ಬೆಣ್ಣೆಯ ವಾಸನೆ. ಹುರಿಗಡಲೆಯ ಗರಿಗರಿ.
ಹಲ್ಲಿನ ಸಂದಿಗೊಂದು ಕಾಲು.
ನಲವತ್ತೊಂದು ವರ್ಷದ ಮೇಲೂ ಬಾಯಿಗೆ ನೆನಪಿತ್ತು.
ತೊಳೆದದ್ದೆಲ್ಲ ದಂಡ.

ನಿನ್ನೆ ಪಂಪಿನಲ್ಲಿ ನೀರು ಬಂತು,
ತುಕ್ಕು ಇಳಿದು ತಿಳಿಯಾಗುವಾಗ ಸಂಜೆ.
ಅಚಿರೊ ಆ ನೀರಲ್ಲೇ ಎಸರಿಟ್ಟಳು.
ಮಡಕೆ ಬರಿದಾದ ಮೇಲೆ ತಳಕ್ಕೆ ಹತ್ತಿದ ಸೀಕಿಗೆ
ಮಕ್ಕಳು ದಿನವೂ ಕಿತ್ತಾಡುತ್ತವೆ;
ಅತಿಥಿಯ ಮುಂದೆ ಅದನ್ನಿಡುವ ಪದ್ಧತಿಯಿಲ್ಲ.
ನಿನ್ನೆ ಅವಳು, ನನ್ನ ಕಡೆ ನೋಡದೆಯೇ,
ಮಡಕೆಯನ್ನು ಎಲ್ಲರ ನಡುವೆ ನೂಕಿದಳು.
ನಾನೂ ಕಿತ್ತಾಡಿದೆ.
ಬೆರಳಗಲದ ಚೂರು ಸಿಕ್ಕಿತು.
ಕಿರಿಯವಳು ಅದರಲ್ಲೂ ಅರ್ಧ ಕಸಿದುಕೊಂಡಳು.